ಎದುರು ಕುಳಿತು ಕಲಿತದ್ದು

ಮುಖ್ಯೋಪಾಧ್ಯಾಯಿನಿ ಪುಸ್ತಕವನ್ನು ಮಗುವಿನ ಮುಂದಿಟ್ಟರು. ಮಗು ಅದನ್ನೊಮ್ಮೆ ನೋಡಿ, ಎರಡೂ ಕೈಯಲ್ಲಿ ಹಿಡಿದು, ತಲೆಕೆಳಗು ಮಾಡಿಟ್ಟುಕೊಂಡಿತು. ಅವರು ನಕ್ಕು ಮತ್ತೆ ನೆಟ್ಟಗೆ ಇಟ್ಟರು. ಮಗು ಮತ್ತೆ ತಿರುಗಿಸಿತು. ಮೂರನೆಯ ಸಲ ಅವರು ನಗಲಿಲ್ಲ. ನೆಟ್ಟಗಿಟ್ಟ ಪುಸ್ತಕದ ಅಂಚಿಗೆ ಅಂಗೈ ಊರಿದರು.

"ಆಟ ಆಮೇಲೆ ಆಡೋಣ ಕಂದ. ಹೀಗೇ ಇಟ್ಕೊಂಡು ಒಂದು ಸಾಲು ಓದು, ನೋಡೋಣ."

ಗುಂಡಿ ಓದಲಿಲ್ಲ. ಗುಂಡಿ ಎಂಬುದು ಮನೆಯಲ್ಲಿ ಕರೆಯುವ ಹೆಸರು. ಹೊಲಿಗೆಯವಳ ಮಗಳು, ಅಂಗಿಯ ಗುಂಡಿಯ ಹಾಗೆ ದುಂಡು ಕಣ್ಣು. ದೊಡ್ಡವರಿಗೆ ಎದುರಾಡಬಾರದೆಂದು ಅಮ್ಮ ಬೆಳಗ್ಗೆ ತಲೆ ಬಾಚುವಾಗ ಹತ್ತು ಸಲ ಹೇಳಿದ್ದರಿಂದ ತುಟಿ ಬಿಗಿದು ಕೂತಳು. ಪಕ್ಕದ ಕುರ್ಚಿಯಲ್ಲಿದ್ದ ಅಮ್ಮ ಇದು ಮಗಳ ಚೇಷ್ಟೆಯೆಂದೇ ತಿಳಿದು ಕಣ್ಣು ಬಿಟ್ಟಳು, ಮೆಲ್ಲಗೆ ಗದರಿದಳು, ಕೊನೆಗೆ ಅಂಗಲಾಚಿದಳು. ನಿನ್ನೆ ಸಂಜೆ ಇದೇ ಪಾಠವನ್ನು ನೀರು ಕುಡಿದ ಹಾಗೆ ಓದಿದ್ದ ಮಗು.

ಶಿಶುವಿಹಾರಕ್ಕೆ ಗುಂಡಿ ಹೋದದ್ದು ನಾಲ್ಕೇ ದಿನ. ನಾಲ್ಕೂ ದಿನ ಅಲ್ಲಿಯ ಬಾಗಿಲ ಕಂಬ ತಬ್ಬಿ ಅತ್ತು ಜ್ವರ ಬರಿಸಿಕೊಂಡಿದ್ದಳು. ಈ ಒಂದು ವರ್ಷ ಮನೆಯಲ್ಲಿ ನಾನೇ ಕಲಿಸ್ತೀನಿ ಎಂದು ಅಮ್ಮ ಹಟ ಹಿಡಿದಾಗ ಗಂಡ ಆಗಲಿ ಅಂದ. ಓರಗಿತ್ತಿ ಮಾತ್ರ, ಲಂಗಕ್ಕೆ ನೆರಿಗೆ ಹಿಡಿದಷ್ಟು ಸುಲಭ ಅಂದ್ಕೊಂಡ್ಯೇನೇ, ನಿನ್ನ ಮಗಳು ಕಾಜಾ ಹಾಕೋದು ಕಲೀತಾಳೆ, ಅಕ್ಷರ ಅಲ್ಲ ಎಂದು ನಕ್ಕಿದ್ದಳು. ಆ ನಗು ವರ್ಷಪೂರ್ತಿ ಸೆರಗಿನಲ್ಲಿ ಸಿಕ್ಕಿಕೊಂಡ ಸೂಜಿಯ ಹಾಗೆ ಆಗಾಗ ಚುಚ್ಚುತ್ತಿತ್ತು. ಇವತ್ತು ಒಂದನೇ ತರಗತಿಗೆ ಸೇರಿಸಿಕೊಂಡರೆ ಸರಿ. ಇಲ್ಲವೆಂದರೆ ಮತ್ತೆ ಅದೇ ಶಿಶುವಿಹಾರ, ಅದೇ ಕಂಬ.

ಮನೆಯಲ್ಲಿ ಹೇಗೆ ಕಲಿಸಿದಿರಿ ಎಂದು ಮುಖ್ಯೋಪಾಧ್ಯಾಯಿನಿ ಕೇಳಿದರು. ಅಮ್ಮ ತಡವರಿಸುತ್ತ ಹೇಳಿದಳು. ಹೊಲಿಗೆ ಬಿಡುವಂತಿರಲಿಲ್ಲ, ಹೊಲಿಯುತ್ತಲೇ ಪಾಠ. ತನ್ನ ಅಪ್ಪ ರಾಗವಾಗಿ ಪದ್ಯ ಓದುತ್ತಿದ್ದುದನ್ನು ತೊಡೆಯ ಮೇಲೆ ಕೂತು ಕೇಳಿ ಬೆಳೆದವಳು ತಾನು. ಹಾಗೆಯೇ ಕಾಲಡಿಯ ಪೆಡಲಿನ ತಾಳಕ್ಕೆ ಕಾಗುಣಿತ ಹಾಡುವುದು, ಮಗಳಿಂದ ಹಾಡಿಸುವುದು.

ಅವರಿಗೆ ಅರ್ಥವಾಯಿತು. ಅಥವಾ ಹಾಗೆಂದುಕೊಂಡರು. "ಬಾಯಿಪಾಠ ಬೇರೆ, ಓದೋದು ಬೇರೆ ಅಮ್ಮಾ. ಬೇಜಾರು ಮಾಡ್ಕೋಬೇಡಿ. ಇನ್ನೊಂದು ವರ್ಷ ಸಣ್ಣ ಕ್ಲಾಸಲ್ಲಿ ಕೂರಲಿ."

ಹೀಗೆಂದು ದಾಖಲಾತಿ ಪುಸ್ತಕ ತೆರೆದು, ಪೆನ್ನಿನ ಮುಚ್ಚಳ ಬಿಚ್ಚಿ ಬರೆಯತೊಡಗಿದರು. ಅಮ್ಮ ಮನಸ್ಸಿನಲ್ಲೇ ದೇವರನ್ನು ಕರೆದಳು. ಅದಕ್ಕಿಂತ ಹೆಚ್ಚಿಗೆ ಏನು ಕೇಳಬೇಕೆಂದು ತೋಚಲಿಲ್ಲ. ಗುಂಡಿ ಮೇಜಿನ ಅಂಚಿಗೆ ಗದ್ದ ಊರಿ, ಎದುರುಗಡೆಯಿಂದ ಪೆನ್ನಿನ ಮೊನೆಯನ್ನೇ ನೋಡುತ್ತಿದ್ದಳು.

"ಓ... ದ... ಲು..." ಎಂದಳು.

ಪೆನ್ನು ನಿಂತಿತು.

"ಓದಲು... ಬರು... ವುದಿಲ್ಲ." ಸಾಲು ಮುಗಿಸಿ ಅಮ್ಮನತ್ತ ತಿರುಗಿದಳು. "ಯಾರಿಗಮ್ಮಾ ಓದೋಕೆ ಬರಲ್ಲ?"

ಮುಖ್ಯೋಪಾಧ್ಯಾಯಿನಿ ತಾವು ಬರೆದದ್ದನ್ನು ನೋಡಿದರು, ಮಗುವನ್ನು ನೋಡಿದರು. ಕನ್ನಡಕ ತೆಗೆದು ಕೆಳಗಿಟ್ಟರು. "ಮನೇಲಿ ಪುಸ್ತಕ ಎಲ್ಲಿಡ್ತಿದ್ರಿ?"

"ಮಿಷನ್ ಹಲಗೆ ಮೇಲೆ, ನನ್ನ ಮುಂದೆ. ಇವಳು ಆಚೆ ಕಡೆ ಬಕೆಟ್ ಬೋರಲು ಹಾಕ್ಕೊಂಡು..." ಹೇಳುತ್ತಿದ್ದಂತೆಯೇ ಅಮ್ಮನಿಗೆ ಗೊತ್ತಾಯಿತು. ಕೈ ಹೊಲಿಯುತ್ತಿರುವಾಗ ಕಣ್ಣಿಗೆ ಸಿಗಲೆಂದು ಪುಸ್ತಕವನ್ನು ವರ್ಷವಿಡೀ ತನ್ನ ಕಡೆಗೇ ತಿರುಗಿಸಿಟ್ಟಿದ್ದಳು. ಆಚೆಯಿಂದ ಮಗಳಿಗೆ ಪ್ರತಿ ಅಕ್ಷರವೂ ತಲೆಕೆಳಗು. ಕಂಡ ಹಾಗೆಯೇ ಮಗು ತುಂಡು ಬಟ್ಟೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದದ್ದು ಎದುರಿದ್ದ ತಾಯಿಗೆ ನೆಟ್ಟಗೆ ಕಂಡಿತ್ತು. ಬಟ್ಟೆಯ ಮೇಲ್ಮಗ್ಗುಲು ಯಾವುದು, ಒಳಮಗ್ಗುಲು ಯಾವುದೆಂದು ಕಣ್ಣು ಮುಚ್ಚಿ ಹೇಳಬಲ್ಲವಳಿಗೆ ಹಲಗೆಗೂ ಇನ್ನೊಂದು ಮಗ್ಗುಲಿದೆ ಎಂಬುದು ಹೊಳೆದೇ ಇರಲಿಲ್ಲ.

"ತಪ್ಪು ನಂದು ಮೇಡಂ. ಅವಳದಲ್ಲ."

"ನೆಟ್ಟಗೆ ಓದೋದು ಹದಿನೈದು ದಿನದಲ್ಲಿ ಬರುತ್ತೆ ಬಿಡಿ. ಇಷ್ಟು ವರ್ಷ ಈ ಕುರ್ಚೀಲಿ ಕೂತು ಎಷ್ಟು ಮಕ್ಕಳ ಬಗ್ಗೆ ಏನೇನು ಬರೆದಿದ್ದೀನೋ. ಎದುರಿಗೆ ಕೂತು ಓದಿ ಹೇಳಿದೋಳು ಇವಳೊಬ್ಬಳೇ."

ಬರೆದ ಸಾಲನ್ನು ಹೊಡೆದುಹಾಕಿ, ಕೆಳಗೆ ಇನ್ನೊಂದು ಸಾಲು ಬರೆಯತೊಡಗಿದರು. ಈ ಸಲ ನಿಧಾನವಾಗಿ, ದುಂಡಗೆ, ಅಕ್ಷರಕ್ಕೂ ಅಕ್ಷರಕ್ಕೂ ನಡುವೆ ಜಾಗ ಬಿಟ್ಟು. ಗುಂಡಿಯ ತುಟಿ ಪೆನ್ನಿನ ಜೊತೆಜೊತೆಗೇ ಆಡುತ್ತಿತ್ತು.

ಅಮ್ಮನೂ ಬಗ್ಗಿ ನೋಡಿದಳು. ಮಗಳ ಕಡೆಯಿಂದ ಅವಳು ಅಕ್ಷರ ನೋಡಿದ್ದು ಅದೇ ಮೊದಲು. ಅಂಗಾತ ಬಿದ್ದ ಹುಳುಗಳ ಹಾಗೆ ಎಲ್ಲವೂ ಕಾಲು ಮೇಲೆ ಮಾಡಿಕೊಂಡಿದ್ದವು. ಕಣ್ಣು ಬೇರೆ ಮಂಜಾಗಿತ್ತು. ಒಂದೂ ಗುರುತು ಹತ್ತಲಿಲ್ಲ. ತಡೆಯಲಾರದೆ ಮಗಳ ಕಿವಿಯ ಬಳಿ ಬಾಗಿ, "ಏನು ಬರೆದ್ರೇ?" ಎಂದು ಪಿಸುಗುಟ್ಟಿದಳು.

ಗುಂಡಿ ಅಮ್ಮನ ತೋರುಬೆರಳು ಹಿಡಿದು ಮೊದಲ ಅಕ್ಷರದ ಮೇಲಿಟ್ಟಳು. "ಅವಸರ ಮಾಡ್ಬೇಡ. ಒಂದೊಂದೇ ಹೇಳಿಕೊಡ್ತೀನಿ, ನೀನೂ ಹೇಳು."