ಯಾವ ಕರುಳು?

"ಪೂರ್ತಿ ವಾಕ್ಯದಲ್ಲಿ ಹೇಳು," ಎಂದರು ದಿವ್ಯಾ ಮೇಡಂ. ಹೇಳಿದ್ದು ಜಪಾನಿ ಭಾಷೆಯಲ್ಲಿ. ಎದುರಿಗೆ ನೀಲಾಂಬಿಕಾ ಬೆಂಚಿನ ಅಂಚನ್ನು ಎರಡೂ ಕೈಯಲ್ಲಿ ಹಿಡಿದು ಅರ್ಧ ಬಗ್ಗಿ ನಿಂತಿದ್ದಳು.

ನಾಗಸಂದ್ರದ ಟೈಲ್ಸ್ ಅಂಗಡಿಯೊಂದರ ಮಹಡಿಯ ಮೇಲಿದ್ದ ಆ ತರಬೇತಿ ಕೇಂದ್ರ, ಜಪಾನಿನ ವೃದ್ಧಾಶ್ರಮಗಳಲ್ಲಿ ಆರೈಕೆ ಮಾಡಲು ಹುಡುಗಿಯರನ್ನು ತಯಾರು ಮಾಡುತ್ತಿತ್ತು. ಒಳಗೆ ಕನ್ನಡ ಆಡುವ ಹಾಗಿಲ್ಲ. ಆಡಿದವರ ಹೆಸರು ಸೋಮವಾರದ ಕೆಲಸದ ಸಂದರ್ಶನದ ಪಟ್ಟಿಯಿಂದ ಹೋಯಿತೆಂದೇ ಲೆಕ್ಕ. ನಿಯಮ ಮಾಡಿದ್ದು ಮಾಲೀಕರು. ಅಲ್ಲೇ ಹತ್ತಿರದ ಮಾಕಳಿಯಲ್ಲಿ ಹುಟ್ಟಿ ಬೆಳೆದ ದಿವ್ಯಾ ಮೇಡಂ ಅದನ್ನು ವ್ರತದ ಹಾಗೆ ಪಾಲಿಸುತ್ತಿದ್ದರು.

ಅಂದಿನ ಪಾಠ ಹೊಟ್ಟೆಯೊಳಗಿನ ಅಂಗಗಳದು. ಜಠರಕ್ಕೆ 'ಇ', ಕರುಳಿಗೆ 'ಚೋ'. ಸಣ್ಣ ಕರುಳು 'ಶೋಚೋ', ದೊಡ್ಡ ಕರುಳು 'ದೈಚೋ'. ಜಪಾನಿನ ಅಜ್ಜಿಯೊಬ್ಬರು ಮುಖ ಕಿವುಚಿದರೆ ಹತ್ತಿರ ಮಂಡಿಯೂರಿ ಕೂತು, ಕಣ್ಣಲ್ಲಿ ಕಣ್ಣಿಟ್ಟು, ಎಲ್ಲಿ ನೋವು ಎಂದು ಮೆಲ್ಲಗೆ ಕೇಳಬೇಕು. ಬೆಳಗ್ಗೆಯಿಂದ ಹುಡುಗಿಯರು ಒಬ್ಬರ ಮುಂದೊಬ್ಬರು ಮಂಡಿಯೂರಿ ಇದನ್ನೇ ಅಭ್ಯಾಸ ಮಾಡುತ್ತಿದ್ದರು. ನೀಲಾಂಬಿಕಾಗೆ ಅಜ್ಜಿಯ ಪಾತ್ರ ಬಂದಿತ್ತು. ಅವಳು ಮುಖ ಕಿವುಚಿದ್ದು ನೋಡಿ ಮೇಡಂ, "ನೋಡಿ, ಹೀಗೆ ಮಾಡಬೇಕು," ಎಂದು ಎಲ್ಲರಿಗೂ ತೋರಿಸಿದರು. ಅದು ನಟನೆ ಅಲ್ಲ ಎಂದು ಗೊತ್ತಾಗಿದ್ದು ಮಹಾದೇವಿಗೆ ಮಾತ್ರ. ಇಬ್ಬರೂ ಸಿಂದಗಿ ಕಡೆಯವರು, ಒಂದೇ ರೂಮಿನವರು. ಹಿಂದಿನ ರಾತ್ರಿಯೆಲ್ಲ ನೀಲಾಂಬಿಕಾ ಹೊಟ್ಟೆ ಹಿಡಿದುಕೊಂಡು ಹೊರಳಾಡಿದ್ದನ್ನು ಮಹಾದೇವಿ ನೋಡಿದ್ದಳು.

"ಚೋ... ಇತಾಯ್," ಎಂದಳು ನೀಲಾಂಬಿಕಾ. ಕರುಳು ನೋವು.

"ಯಾವ ಚೋ? ಶೋಚೋ? ದೈಚೋ?" ಮೇಡಂ ನಗುತ್ತಾ ಜಪಾನಿಯಲ್ಲೇ ಕೇಳಿದರು.

ಏನು ಹೇಳಬೇಕು ಆ ಹುಡುಗಿ? ಎಲ್ಲಿ ನೋಯುತ್ತಿದೆ ಎಂದು ಅವಳಿಗೆ ಗೊತ್ತು. ಒಳಗೆ ಯಾವುದು ನೋಯುತ್ತಿದೆ ಎಂದು ಹೇಳಲು ಅವಳೇನು ಸ್ಕ್ಯಾನಿಂಗ್ ಯಂತ್ರವೇ? ಬಲಗಡೆಯ ಕೆಳಹೊಟ್ಟೆಯನ್ನು ಅದುಮಿ ಹಿಡಿದು 'ದೈಚೋ' ಎಂದಳು. ಮತ್ತೆ 'ಶೋಚೋ' ಎಂದಳು. ಮೇಡಂ ಬೋರ್ಡಿನ ಕಡೆ ತಿರುಗಿ ಎರಡನ್ನೂ ಬರೆದು, ಕೊನೆಯ ಅಕ್ಷರವನ್ನು ಎಳೆದು ಹೇಳಬೇಕೆಂದು ಅಡಿಗೆರೆ ಹಾಕಿದರು. ಗೆರೆ ಮುಗಿಯುವಷ್ಟರಲ್ಲಿ ಹಿಂದೆ ಧೊಪ್ಪನೆ ಸದ್ದಾಯಿತು.

"ಮೇಡಂ, ಆಕಿಗಿ ಖರೇನ ಬ್ಯಾನಿ ಐತ್ರಿ!" ಮಹಾದೇವಿ ಕೂಗಿಕೊಂಡಳು.

ಕೆಳಗೆ ಬಿದ್ದವಳನ್ನು ನೋಡುವ ಮೊದಲು ಮೇಡಂ ತುಟಿಯ ಮೇಲೆ ಬೆರಳಿಟ್ಟು, "ನಿಹೊಂಗೊ!" ಎಂದರು. ಜಪಾನಿಯಲ್ಲಿ ಮಾತಾಡು ಎಂದು. ಅಭ್ಯಾಸ ಬಲ ಎನ್ನಬಹುದೇನೋ. ಆದರೆ ಮಹಾದೇವಿಯ ಮೈ ಉರಿದುಹೋಯಿತು.

"ಬೆಂಕಿ ಹಚ್ರಿ ನಿಮ್ಮ ನಿಹೊಂಗೊಕ್ಕ! ಯಾವ್ದೋ ದೇಶದ ಮುದುಕ್ಯಾರ ಮುಂದ ಮೊಣಕಾಲೂರಿ ಎಲ್ಲಿ ನೋವು ಅಂತ ಕೇಳಾಕ ಕಲಸ್ತೀರಿ. ಕಣ್ಣ ಮುಂದ ಬಿದ್ದಾಕಿನ್ನ ಕೇಳಾಕ ಬಾಯಿ ಬರಲಿಲ್ಲೇನ್ರಿ?"

"ಮಹಾದೇವಿ, ಸೋಮವಾರ ಸಂದರ್ಶನ ಇದೆ..." ಮೇಡಂ ಇನ್ನೂ ಜಪಾನಿಯನ್ನು ಬಿಟ್ಟಿರಲಿಲ್ಲ.

"ತಗೀರಿ ನನ್ನ ಹೆಸರು. ಈಗ್ಲೇ ತಗೀರಿ!"

ಪೀಣ್ಯದ ಪಂಪ್ ಕಾರ್ಖಾನೆಯ ಕೆಲಸ ಬಿಟ್ಟು ಆ ಸಂದರ್ಶನಕ್ಕಾಗಿಯೇ ಓದುತ್ತಿದ್ದವಳು ಅವಳು. ಹೇಳಿದ್ದನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಗೆಳತಿಯ ಕಂಕುಳಿಗೆ ಕೈ ಹಾಕಿ ಎಬ್ಬಿಸಿ, ಮೆಟ್ಟಿಲು ಇಳಿಸಿ, ಸಿಕ್ಕ ಆಟೋ ಹತ್ತಿಸಿದಳು.

ಆಸ್ಪತ್ರೆಯಲ್ಲಿ ಡಾಕ್ಟರು ಹೊಟ್ಟೆ ಒತ್ತಿ ನೋಡಿ, ಸ್ಕ್ಯಾನ್ ಮಾಡಿಸಿ, ಅಪೆಂಡಿಕ್ಸ್ ಎಂದರು. ಇನ್ನು ಸ್ವಲ್ಪ ತಡವಾಗಿದ್ದರೆ ಒಳಗೇ ಒಡೆಯುತ್ತಿತ್ತು, ಜೀವಕ್ಕೇ ಕುತ್ತು ಬರುತ್ತಿತ್ತು ಎಂದು ಬೈದು ಆಪರೇಷನ್‌ಗೆ ಒಳಗೆ ಕಳಿಸಿದರು. ಮಹಾದೇವಿ ಹೊರಗಿನ ಕುರ್ಚಿಯಲ್ಲಿ ಕಾಯುತ್ತಾ ಕೂತಳು.

ಸಂಜೆ ದಿವ್ಯಾ ಮೇಡಂ ಏದುಸಿರು ಬಿಡುತ್ತಾ ಬಂದರು. ಕಣ್ಣಲ್ಲಿ ನೀರಿತ್ತು, ಅದು ಸುಳ್ಳಿನ ನೀರಲ್ಲ. ಇಲ್ಲಿ ಅವರಿಗೆ ಕನ್ನಡ ಸರಾಗವಾಗಿ ಬಂತು.

"ಏನಮ್ಮಾ ಇದು! ಅಷ್ಟೊಂದು ನೋವಿತ್ತು ಅಂದ್ರೆ ಅವಳು ನಂಗೊಂದು ಮಾತು ಹೇಳ್ಬಾರ್ದಿತ್ತಾ?"

ಮಹಾದೇವಿ ತಲೆ ಎತ್ತಿ ಅವರ ಮುಖವನ್ನೇ ನೋಡಿದಳು.

"ಹೇಳಿದ್ಳಲ್ರಿ ಮೇಡಂ," ಎಂದಳು. "ನೀವು ತಿದ್ದಿದ್ರಿ."