ನಡುವಿನ ಪೆಟ್ಟಿಗೆ

"ಮೊದಲೇ ಹೇಳಿಬಿಡ್ತೀನಿ, ನಡುವಿನ ಸ್ಪೀಕರ್ ಹರಕು. ಚಿಕ್ಕ ಮಗು ಕೂಡ ಅದನ್ನ ಬೇಕು ಅನ್ನಲ್ಲ," ಎಂದ ವಾದ್ಯದಂಗಡಿಯವನು.

"ನಂಗೂ ಅದೇ ಬೇಕಾಗಿರೋದು. ಅವರ ಬಾಯಲ್ಲಿ ಬೇಡ ಅನ್ನೋ ಒಂದು ಮಾತು ಬಂದ್ರೆ ಸಾಕು," ಎಂದು ಡ್ರಮ್ಮು ಬಾರಿಸುವವನು ಬೀದಿಯ ಕಡೆ ನೋಡಿದ.

ಬರಬೇಕಾಗಿದ್ದವನು ಅವನ ಅಕ್ಕನ ಗಂಡ. ಅವರ ಹೆವಿ ರಾಕ್ ತಂಡದಲ್ಲಿ ಬಾಸ್ ಗಿಟಾರ್ ನುಡಿಸುವವನು. ಅಷ್ಟೊಂದು ಅಬ್ಬರದಲ್ಲಿ ಯಾರ ತಪ್ಪು ಯಾರಿಗೆ ತಿಳಿದೀತು ಎಂದು ಹೊರಗಿನವರು ಭಾವಿಸಬಹುದು. ಒಳಗಿನವರಿಗೆ ತಿಳಿಯದೆ ಇರುವುದಿಲ್ಲ. ತಂತಿಯ ಶ್ರುತಿ ಇಳಿದುಹೋಗಿದ್ದರೂ ಭಾವ ಕಣ್ಣುಮುಚ್ಚಿ ನುಡಿಸುತ್ತಲೇ ಇರುವುದನ್ನು ಎಲ್ಲರೂ ಕಂಡಿದ್ದರು. ಅವರ ಕಿವಿ ಹೋಗಿದೆ, ಬೇರೆಯವನನ್ನು ಹುಡುಕೋಣ ಎಂದು ಹಾಡುಗಾರ ಹಟ ಹಿಡಿದಿದ್ದ. ಹೊಸ ಸ್ಪೀಕರ್ ಪೆಟ್ಟಿಗೆಯೊಂದನ್ನು ಹೇಗೂ ಕೊಳ್ಳಬೇಕಾಗಿತ್ತು. ಅದನ್ನೇ ಪರೀಕ್ಷೆಯಾಗಿ ಒಡ್ಡೋಣ, ಹರಕನ್ನು ಗುರುತಿಸಿದರೆ ಭಾವ ತಂಡದಲ್ಲಿ ಉಳಿಯಲಿ ಎಂದು ಬೇಡಿಕೊಂಡವನು ಈ ಬಾಮೈದನೇ.

ಭಾವ ಗಿಟಾರನ್ನು ಹೆಗಲಿಗೇರಿಸಿಕೊಂಡು ಬಂದ. ಅಂಗಡಿಯವನು ಪಕ್ಕದಿಂದ ಬನ್ನಿ ಎಂದರೂ ತಿರುಗಲಿಲ್ಲ. ಎದುರಿಗೆ ಬಂದು ನಿಂತಾಗ ಮಾತ್ರ ನಕ್ಕು ತಲೆಬಾಗಿದ. ಸಾಲಾಗಿ ನಿಂತ ಮೂರು ಕರಿಯ ಪೆಟ್ಟಿಗೆಗಳನ್ನು ನೋಡಿ, "ಇದೇನೋ, ಸ್ಪೀಕರೋ ಬೀರುವೋ? ನಿಮ್ಮಕ್ಕ ಕಂಡರೆ ಬಟ್ಟೆ ಮಡಿಸಿಡ್ತಾಳೆ," ಎಂದ.

"ಬಟ್ಟೆ ಯಾಕೆ ಭಾವ, ನಿಮ್ಮನ್ನೇ ಒಳಗೆ ತುರುಕಿ ಬೀಗ ಜಡೀತಾಳೆ. ಸದ್ದು ಬದಲಿಸೋ ಪೆಡಲು ಗಿಡಲು ಏನೂ ಬೇಡ, ಬರೀ ತಂತಿ ನುಡಿಸಿ."

"ಹಾಗಾದ್ರೆ ಎದುರಿಗೇ ನಿಲ್ಲು. ನಿನ್ನನ್ನ ನೋಡದೆ ನನಗೆ ತಾಳ ಹತ್ತಲ್ಲ."

ಮೊದಲನೆಯದು ಚಿಕ್ಕ ಸ್ಪೀಕರುಗಳ ಪೆಟ್ಟಿಗೆ. ಪ್ರತಿ ಸ್ವರವೂ ಮೊಳೆ ಹೊಡೆದಂತೆ ಖಚಿತವಾಗಿ ಕೇಳಿಸಿತು. ನಡುವಿನದಕ್ಕೆ ಕೇಬಲ್ ಸಿಕ್ಕಿಸಿ ಮಂದ್ರದ ಸ್ವರ ಮೀಟಿದೊಡನೆ, ನಾದದ ಅಡಿಯಿಂದ ತಗಡಿನ ಡಬ್ಬಿಯಲ್ಲಿ ಸಿಕ್ಕಿಬಿದ್ದ ದುಂಬಿಯಂಥ ಒಣ ಬಡಿತವೊಂದು ಎದ್ದಿತು. ಅಂಗಡಿಯವನು ಹಲ್ಲು ಕಚ್ಚಿದ. ಭಾವ ಮಾತ್ರ ನಿಲ್ಲಿಸದೆ ನುಡಿಸುತ್ತಲೇ ಇದ್ದ. ಮೂರನೆಯ ಪೆಟ್ಟಿಗೆಯ ಒಂದೇ ದೊಡ್ಡ ಸ್ಪೀಕರು ನೆಲವನ್ನೇ ಹಿಡಿದು ಮೊರೆಯಿತು. ಕಿಟಕಿಯ ಗಾಜು ಸಣ್ಣಗೆ ನಡುಗಿತು.

"ನಡುವಿನದು," ಎಂದ ಭಾವ, ಯೋಚಿಸುವ ಗೊಡವೆಗೇ ಹೋಗದೆ.

"ಅವಸರ ಯಾಕೆ ಭಾವ? ಇನ್ನೊಂದ್ಸಲ ನುಡಿಸಿ ನೋಡಿ."

ಅವನು ಮತ್ತೆ ನುಡಿಸಿದ. ಈ ಸಲ ಇನ್ನೂ ಹೆಚ್ಚು ಹೊತ್ತು, ಇನ್ನೂ ತನ್ಮಯನಾಗಿ. ದುಂಬಿ ಸಾಯದೆ ಬಡಿದುಕೊಳ್ಳುತ್ತಲೇ ಇತ್ತು.

"ಜೀವ ಇರೋದು ಇದಕ್ಕೇ ಕಣೋ. ಉಳಿದವು ಬರೀ ಸದ್ದು."

"ಮೂರನೇದೂ ಚೆನ್ನಾಗಿತ್ತಲ್ಲ?"

"ಆರಿಸೋಕೆ ಬಂದಿರೋದು ನಾನೋ ನೀನೋ?"

ಅಂಗಡಿಯವನಿಗೆ ತಡೆಯಲಾಗಲಿಲ್ಲ. ಪೆಟ್ಟಿಗೆಯ ಮುಂದಿನ ಜಾಲರಿಯನ್ನು ಕಿತ್ತು ಪಕ್ಕಕ್ಕಿಟ್ಟು, "ಇದು ಮಾರೋ ಮಾಲಲ್ಲ ಸಾರ್, ರಿಪೇರಿಗೆ ಬಂದಿದ್ದು," ಎಂದ. ಸ್ಪೀಕರಿನ ಕರಿಯ ಕಾಗದ ಅಂಚಿನಿಂದ ಅರ್ಧಕ್ಕರ್ಧ ಕಿತ್ತುಹೋಗಿ ಜೋತುಬಿದ್ದಿತ್ತು. ಭಾವ ಬಗ್ಗಿ, ಆ ಬಿರುಕಿನೊಳಗೆ ಬೆರಳು ತೂರಿಸಿ ನೋಡಿದ. ಅನಂತರ ಅಂಗಡಿಯವನನ್ನೂ ಬಾಮೈದನನ್ನೂ ಒಬ್ಬರಾದ ಮೇಲೊಬ್ಬರಂತೆ ದಿಟ್ಟಿಸಿದ. ಯಾರೂ ವಿವರಿಸಬೇಕಾಗಲಿಲ್ಲ.

"ತಂಡದೋರೆಲ್ಲ ಸೇರಿ ಇಟ್ಟ ಪರೀಕ್ಷೆನಾ ಇದು?"

"ನಾನೇ, ಭಾವ. ನಿಮ್ಮನ್ನ ಉಳಿಸ್ಕೊಳ್ಳೋಣ ಅಂತ… ಅಷ್ಟು ಜೋರಾಗಿ ಪಟಪಟ ಅಂತಿತ್ತಲ್ಲ, ಒಂಚೂರೂ ಕೇಳಿಸ್ಲಿಲ್ವಾ?"

ಭಾವ ಗಿಟಾರನ್ನು ಚೀಲದೊಳಗೆ ಮಲಗಿಸಿ, ಜಿಪ್ಪನ್ನು ಕೊನೆಯವರೆಗೂ ಎಳೆದ.

"ಮೂರೂ ಒಂದೇ ಥರ ಇತ್ತು."

"ಮತ್ತೆ ಇದನ್ನೇ ಯಾಕೆ ಹಿಡಿದ್ರಿ?"

"ನಿನ್ನ ಮುಖ ನೋಡಿ ಆರಿಸಿದೆ. ಇದು ನುಡಿದಾಗ ಮಾತ್ರ ನಿನ್ನ ಕಣ್ಣಲ್ಲಿ ನೀರು ಬಂತು."