ಸ್ಟಾರ್ಟರಿನ ಸಿಂಧೂರ

ದೋಣಿ ನಡೆಸುವ ದುರುಗಕ್ಕ ಎಂಜಿನ್ನಿನಿಂದ ಬಿಚ್ಚಿದ ಹಳೆಯ ಸ್ಟಾರ್ಟರನ್ನು ಮಡಿಲಿಂದ ಬಿಡಲೇ ಇಲ್ಲ. ಅದರ ಮೈಮೇಲೆ ನೇಮಕಲ್ಲು ಆಂಜನೇಯನ ಸಿಂಧೂರ ವರ್ಷವರ್ಷವೂ ಬಳಿದು ದಪ್ಪಗೆ ಕೂತಿತ್ತು. ಎಂಟು ವರ್ಷ ಜನರನ್ನೂ ಕುರಿಗಳನ್ನೂ ದಾಟಿಸುವಾಗ ನಡುನೀರಿನಲ್ಲಿ ಎಂಜಿನ್ ನಿಂತರೂ ಮತ್ತೆ ಚಾಲೂ ಮಾಡಲು ಒಮ್ಮೆಯೂ ಅದು ಕೈಕೊಟ್ಟಿರಲಿಲ್ಲ.

“ಎರಡು ಬ್ಯಾಟರಿ ಕೂಡಿಸಿ ಇಪ್ಪತ್ನಾಕು ವೋಲ್ಟ್ ಮಾಡಿದ್ರಿ, ಆತು. ಇದನ್ಯಾಕ ಬಿಚ್ಚಿದ್ರಿ? ಇನ್ನೂ ಜೋರಾಗಿ ತಿರುಗ್ತಿತ್ತಲ್ಲ!”

ರಾಯದುರ್ಗದ ಲಾರಿ ಮೆಕ್ಯಾನಿಕ್ ಸೂರಪ್ಪ ದೋಣಿಯ ಎಂಜಿನ್ನಿಗೆ ಇಪ್ಪತ್ನಾಲ್ಕು ವೋಲ್ಟಿನ ಹೊಸ ಸ್ಟಾರ್ಟರ್ ಬಿಗಿಯುತ್ತಲೇ ನಕ್ಕ. “ತಿರುಗ್ತಿತ್ತಕ್ಕ, ನಾಕು ದಿನ. ಅದು ಹನ್ನೆರಡು ವೋಲ್ಟಿಗೆ ಹುಟ್ಟಿದ್ದು. ಒಂದು ಮರಿಗೆ ಎರಡು ಕುರಿ ಹಾಲು ಕುಡಿಸ್ತೀರೇನು?”

“ಹುಚ್ಚೇನ್ರಿ? ಹೊಟ್ಟಿ ಉಬ್ಬಿ ಸಾಯ್ತೈತಿ.”

“ಇದು ಸುಟ್ಟು ಸಾಯ್ತೈತಿ. ಅದೂ ಹತ್ತು ಮಂದಿ ಕುಂತಾಗ, ನಡು ನೀರಾಗ.”

“ಇಷ್ಟು ದಿನ ಕಾದವನು ಹಣಮಪ್ಪ, ನಿಮ್ಮ ವೋಲ್ಟಲ್ಲ.”

ಸೂರಪ್ಪ ಕೈಯ ಗ್ರೀಸ್ ಒರೆಸಿಕೊಂಡು ಚಾವಿಯನ್ನು ಅವಳ ಕೈಗೇ ಕೊಟ್ಟ.

ಆಚೆ ದಡದಲ್ಲಿ ಹೆಂಗಸೊಬ್ಬಳು ಕೂಸನ್ನು ಸೊಂಟಕ್ಕೇರಿಸಿಕೊಂಡು ದೋಣಿಗೆ ಕಾಯುತ್ತಿದ್ದಳು. ದುರುಗಕ್ಕ ಸ್ವಲ್ಪ ಹೊತ್ತು ಅತ್ತಲೇ ನೋಡಿದಳು. ಆಮೇಲೆ ಹೆಬ್ಬೆರಳನ್ನು ನೀರಿಗದ್ದಿ ಹಳೆಯದರ ಸಿಂಧೂರ ತಿಕ್ಕಿ ತೆಗೆದು, ಹೊಸ ಸ್ಟಾರ್ಟರಿನ ಹಣೆಗೆ ಹಚ್ಚಿದಳು.

“ಹಣಮಪ್ಪ, ಇನ್ನ ಮ್ಯಾಲ ಇದನ್ನ ನೋಡ್ಕಳಪ್ಪ,” ಎಂದು ಚಾವಿ ತಿರುಗಿಸಿದಳು.